ಹಳ್ಳ ತಿರುಗಿಸಿ ಸೇತುವೆ ಕಟ್ಟುತ್ತಿದ್ದಾರೆ, ಮಳೆಗಿಂತ ಮುಂಚೆ ಮುಗಿಯುತ್ತಾ?

ಹಳ್ಳದ ದಂಡಿ · ಏಪ್ರಿಲ್ 6

ಎಲ್ಲರಿಗೂ ನಮಸ್ಕಾರ. ನಮ್ಮೂರು ಕಾರಟಗಿ ಮತ್ತು ಸಿಂಧನೂರು ನಡುವೆ, ತುಂಗಭದ್ರಾ ಡ್ಯಾಮಿನ ಎಡದಂಡೆ ಕಾಲುವೆ ಕೆಳಗೆ ಬರುತ್ತೆ. ಊರಿನ ಹೆಸರು ಹೇಳಲ್ಲ. ಗುತ್ತಿಗೆದಾರ ನಮ್ಮ ಮಾವನಿಗೆ ಪರಿಚಯ, ಸುಮ್ನೆ ಮನೆಯಲ್ಲಿ ಜಗಳ ಯಾಕೆ.

ಊರಿಗೂ ಮೇನ್ ರೋಡಿಗೂ ನಡುವೆ ಒಂದು ಹಳ್ಳ ಇದೆ. ಅದರ ಮೇಲೆ ಹಳೇ ತಗ್ಗು ಸೇತುವೆ. ಆರು ಪೈಪ್, ಮೇಲೆ ಕಾಂಕ್ರೀಟ್, ಅಷ್ಟೇ. ಜೋರು ಮಳೆ ಬಂದ್ರೆ ಮುಳುಗುತ್ತೆ. ಆಮೇಲೆ 14 ಕಿಲೋಮೀಟರ್ ಸುತ್ತು. ಹೋದ ವರ್ಷ ಭತ್ತದ ಟ್ರ್ಯಾಲಿ ಒಂದು ಅಲ್ಲೇ ಪಲ್ಟಿಯಾಗಿ ಅರವತ್ತು ಚೀಲ ನೆನೆದು ಹೋಯ್ತು.

ಈಗ ಜನವರಿಯಿಂದ ಹೊಸ ಸೇತುವೆ ಕೆಲಸ ನಡೀತಾ ಇದೆ. ಮೂರು ಕಣ್ಣು (ಕಂಬದಿಂದ ಕಂಬಕ್ಕೆ ನಡುವಿನ ಜಾಗ), ಒಂದೊಂದು 12 ಮೀಟರ್. ನನ್ನ ತಲೆ ತಿನ್ನುತ್ತಿರೋದು ಬೇರೆ. ನಮ್ಮ ಹಳ್ಳ ಸೇತುವೆ ಹತ್ತಿರ ಕುಡುಗೋಲಿನ ಹಾಗೆ ಬಾಗಿದೆ. ಆ ಬಾಗು ಸುಮಾರು 480 ಮೀಟರ್. ಅದನ್ನ ಬಿಟ್ಟು ನೇರವಾಗಿ 300 ಮೀಟರ್ ಹೊಸ ಹಾದಿ ತೋಡಿ, ಅದರ ಮೇಲೆ ಸೇತುವೆ ಕೂರಿಸುತ್ತಾರೆ. ಹಳೇ ಬಾಗು ಮುಚ್ಚುತ್ತಾರಂತೆ.

ಇವತ್ತಿನ ಸ್ಥಿತಿ: ಎರಡೂ ಕಡೆಯ ಗೋಡೆ ಆಗಿದೆ, ಎರಡು ಪಿಲ್ಲರ್ ಎದ್ದಿವೆ, ಮೊದಲ ಕಣ್ಣಿಗೆ ಸೆಂಟ್ರಿಂಗ್ (ಸ್ಲ್ಯಾಬ್ ಹಾಕೋಕೆ ಕೆಳಗಿನ ತಾತ್ಕಾಲಿಕ ಆಸರೆ) ಹೊಡೀತಾ ಇದ್ದಾರೆ. ಹೊಸ ಹಾದಿ ಮುಕ್ಕಾಲು ತೋಡಿದ್ದಾರೆ. ಬಾಯಿಯ ಹತ್ತಿರ ಮಣ್ಣಿನ ಒಡ್ಡು ಬಿಟ್ಟಿದ್ದಾರೆ. ಎರಡು ಪ್ರಶ್ನೆ. ಮಳೆಗಾಲದೊಳಗೆ ಮುಗಿಯುತ್ತಾ? ಹಳ್ಳ ನಾವು ಹೇಳಿದ ಕಡೆ ಹರಿಯುತ್ತಾ?

ಸೋನಾ ಮಸೂರಿ · ಏಪ್ರಿಲ್ 6

ಮೊದಲನೇ ಪ್ರಶ್ನೆಗೆ ಉತ್ತರ: ಇಲ್ಲ. ಎರಡನೇದಕ್ಕೂ ಅದೇ.

ಗಂಗಾವತಿ ಹುಡುಗ · ಏಪ್ರಿಲ್ 6

ಅಣ್ಣ, ಇಷ್ಟು ಬೇಗ ಆಶೀರ್ವಾದ ಮಾಡ್ಬೇಡ 😄

ಎರೆಹೊಲ · ಏಪ್ರಿಲ್ 7

ಒಂದು ವಿಷಯ ಎಲ್ಲರೂ ಮರೀತಾ ಇದ್ದೀರಿ. ನಮ್ಮ ಕಡೆ ಹಳ್ಳಗಳು ಬೇಸಿಗೆಯಲ್ಲೂ ಒಣಗಲ್ಲ. ಮಳೆ ನೀರಲ್ಲ ಅದು, ಗದ್ದೆಯ ಬಸಿ ನೀರು. ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಟ್ಟರೆ ಮಾರ್ಚ್, ಏಪ್ರಿಲ್‌ನಲ್ಲೂ ಮೊಣಕಾಲುದ್ದ ಹರೀತಿರುತ್ತೆ. ಅದರಲ್ಲಿ ಬುನಾದಿ ತೋಡಬೇಕಂದ್ರೆ ಹಗಲು ರಾತ್ರಿ ಪಂಪ್ ಹೊಡೀಬೇಕು.

ಈ ಸಲ ಡ್ಯಾಮಿನ ಗೇಟ್ ಬದಲಿಸಬೇಕು ಅಂತ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ನಮಗೆ ಹೊಟ್ಟೆ ಉರಿ, ಬೆಳೆ ಹೋಯ್ತು. ಆದ್ರೆ ಸೇತುವೆ ಕಟ್ಟೋರಿಗೆ ಇಂಥ ಒಣ ಹಳ್ಳ ಮತ್ತೆ ಸಿಗಲ್ಲ. ಈ ವರ್ಷ ಮುಗಿಸದೇ ಇದ್ರೆ ಮುಂದೆ ದೇವರೇ ಗತಿ.

ಹಳ್ಳದ ದಂಡಿ · ಏಪ್ರಿಲ್ 7

ಸರಿಯಾಗಿ ಹೇಳಿದ್ರಿ. ನಮ್ಮ ಹಳ್ಳದಲ್ಲಿ ಈಗ ದನ ಕುಡಿಯೋಕೂ ನೀರಿಲ್ಲ. ಹುಡುಗರು ಅದರಲ್ಲೇ ಕ್ರಿಕೆಟ್ ಆಡ್ತಾ ಇದ್ದಾರೆ.

ಕಂಪ್ಲಿ ಕಬ್ಬು · ಏಪ್ರಿಲ್ 7

ನೀವು ಹಳ್ಳಕ್ಕೇ ಅಳ್ತೀರಿ. ನಮ್ಮ ಕಂಪ್ಲಿ–ಗಂಗಾವತಿ ಸೇತುವೆ ನೋಡ್ರಿ. ಡ್ಯಾಮಿನಿಂದ ಲಕ್ಷ ಕ್ಯೂಸೆಕ್ ಮೇಲೆ ಬಿಟ್ಟರೆ ಸಾಕು, ಬ್ಯಾರಿಕೇಡ್ ಬೀಳುತ್ತೆ. ಆಸ್ಪತ್ರೆಗೆ ಗಂಗಾವತಿಗೆ ಹೋಗೋರು ದೂರದ ದಾರಿ ಸುತ್ತಬೇಕು. ಪ್ರತಿ ಚುನಾವಣೆಗೂ ಹೊಸ ಸೇತುವೆ, ಪ್ರತಿ ಪ್ರವಾಹಕ್ಕೂ ಅದೇ ಸೇತುವೆ.

ಗಂಗಾವತಿ ಹುಡುಗ · ಏಪ್ರಿಲ್ 7

ನೀರು ಇಳಿದ ಮೇಲೆ ಅಲ್ಲಿ ಕಟಕಟೆ ಕಂಬಿಗೆ ಸಿಕ್ಕಿರೋ ಕಸ, ಜಾಲಿ ಮುಳ್ಳು ತೆಗೆಯೋಕೇ ಎರಡು ದಿನ ಬೇಕು. ನಮ್ಮ ಚಿಕ್ಕಜಂತಕಲ್ ಕಡೆಯ ನೆಂಟರಿಗೆ ಅದೊಂದು ಹಬ್ಬ, ಎಲ್ಲರೂ ನೋಡೋಕೆ ಹೋಗ್ತಾರೆ.

ಸೆಂಟ್ರಿಂಗ್ ಮೇಸ್ತ್ರಿ · ಏಪ್ರಿಲ್ 8

ಮುಗಿಯುತ್ತಾ ಅಂತ ಕೇಳಿದ್ರಿ. ಲೆಕ್ಕ ಹೇಳ್ತೀನಿ, ಸುಲಭ ಇದೆ. ಗುತ್ತಿಗೆದಾರನ ಹತ್ತಿರ ಎಷ್ಟು ಕಣ್ಣಿಗೆ ಆಗೋಷ್ಟು ಸೆಂಟ್ರಿಂಗ್ ಸಾಮಾನು ಇದೆ ನೋಡಿ. ಮೂರಕ್ಕೂ ಇದ್ರೆ ಒಂದೇ ತಿಂಗಳಲ್ಲಿ ಮೂರೂ ಸ್ಲ್ಯಾಬ್. ಒಂದೇ ಸೆಟ್ ಇದ್ರೆ ಕಥೆ ಮುಗೀತು. ಯಾಕಂದ್ರೆ ಮನೆ ಸ್ಲ್ಯಾಬಿನ ಹಾಗೆ ವಾರಕ್ಕೆ ಬಿಚ್ಚೋಕೆ ಆಗಲ್ಲ. ಇಷ್ಟು ಉದ್ದದ್ದಕ್ಕೆ ಕಮ್ಮಿ ಅಂದ್ರೂ 21 ದಿನ ಜಾಕ್ (ಕೆಳಗಿನ ಆಸರೆ ಕಂಬ) ನಿಂತಿರಬೇಕು. ಒಳ್ಳೆ ಎಂಜಿನಿಯರ್ 28 ಅಂತಾನೆ.

ಸ್ಲ್ಯಾಬ್ ದಿನ ಅಲ್ಲೇ ನಿಂತು ಕ್ಯೂಬ್ ತುಂಬಿದ್ರಾ ನೋಡಿ. ಕಬ್ಬಿಣದ ಚೌಕ ಅಚ್ಚು, 15 ಸೆಂಟಿಮೀಟರ್. ಅದರಲ್ಲಿ ಹಾಕಿದ ಕಾಂಕ್ರೀಟ್ ಎಷ್ಟು ಗಟ್ಟಿ ಅಂತ 7 ದಿನಕ್ಕೆ, 28 ದಿನಕ್ಕೆ ಒಡೆದು ನೋಡ್ತಾರೆ. ಕ್ಯೂಬಿಗೆ ಮಾತ್ರ ಬೇರೆ ಸಿಮೆಂಟ್ ಜಾಸ್ತಿ ಹಾಕಿ ತುಂಬೋ ಮಹಾನುಭಾವರೂ ಇದ್ದಾರೆ. ನಾನೇ ನೋಡಿದ್ದೀನಿ, ಎಲ್ಲಿ ಅಂತ ಕೇಳ್ಬೇಡಿ.

ಹಳ್ಳದ ದಂಡಿ · ಏಪ್ರಿಲ್ 8

ಎರಡು ಸೆಟ್ ಇದೆ ಮೇಸ್ತ್ರಿ. ಹೋಗಿ ಎಣಿಸಿ ಬಂದೆ.

ಸೆಂಟ್ರಿಂಗ್ ಮೇಸ್ತ್ರಿ · ಏಪ್ರಿಲ್ 8

ಹಾಗಾದ್ರೆ ಮೂರನೇದು ಮೇ ಕೊನೆಗೆ. ರೋಹಿಣಿ ಮಳೆಗೂ ನಿಮಗೂ ಓಟದ ಪಂದ್ಯ.

ನಿವೃತ್ತ ಎಂಜಿನಿಯರ್ · ಏಪ್ರಿಲ್ 9

ನಾನು ನೀರಾವರಿಯಲ್ಲಿ ಮೂವತ್ತು ವರ್ಷ ಇದ್ದವನು. ಸೇತುವೆ ಬಗ್ಗೆ ನನಗೆ ಚಿಂತೆ ಇಲ್ಲ, ಹಳ್ಳ ನೇರ ಮಾಡೋದರ ಬಗ್ಗೆ ಇದೆ.

ಯಾಕೆ ನೇರ ಮಾಡ್ತಾರೆ ಅಂದ್ರೆ, ಬಾಗಿನಲ್ಲಿ ಸೇತುವೆ ಕಟ್ಟಿದರೆ ನೀರು ಒಂದೇ ಕಡೆ ಗೋಡೆಗೆ ಹೊಡೆಯುತ್ತೆ. ಪಿಲ್ಲರಿಗೆ ಓರೆಯಾಗಿ ಬಡಿಯುತ್ತೆ. ನೇರ ಬಂದ್ರೆ ಕಣ್ಣಿನೊಳಗೆ ಸಲೀಸಾಗಿ ಹೋಗುತ್ತೆ. ಅಲ್ಲಿಗೆ ಸರಿ.

ಆದರೆ 480 ಮೀಟರ್ ಓಡಿ ಇಳಿಯುತ್ತಿದ್ದ ಇಳಿಜಾರನ್ನು ಈಗ 300 ಮೀಟರಿನಲ್ಲಿ ಇಳಿಯಬೇಕು. ಇಳಿಜಾರು ಒಂದೂವರೆ ಪಟ್ಟಿಗಿಂತ ಜಾಸ್ತಿ ಆಯ್ತು. ನೀರಿನ ವೇಗ ಹೆಚ್ಚಾಗುತ್ತೆ. ವೇಗ ಹೆಚ್ಚಾದರೆ ತಳ ಕೊರೆಯುತ್ತೆ. ಆ ಕೊರೆತ ಮೇಲ್ಗಡೆಗೆ ಹತ್ತಿಕೊಂಡು ಹೋಗುತ್ತೆ. ಪಿಲ್ಲರಿನ ಮೂತಿಯ (ನೀರಿಗೆ ಎದುರಾಗೋ ತುದಿಯ) ಕೆಳಗೆ ಗುಂಡಿ ಬೀಳುತ್ತೆ. ನಮ್ಮಲ್ಲಿ ಬಿದ್ದ ಸೇತುವೆಗಳಲ್ಲಿ ಸ್ಲ್ಯಾಬ್ ಒಡೆದು ಬಿದ್ದದ್ದು ಕಮ್ಮಿ. ಬುಡ ಕೊರೆದು ಬಿದ್ದದ್ದೇ ಜಾಸ್ತಿ. ಬುನಾದಿ ಎಷ್ಟು ಆಳ ಹೋಗಿದೆ? ಬಂಡೆ ಸಿಕ್ಕಿದೆಯಾ? ತಳಕ್ಕೆ ಕಲ್ಲು ಹಾಸು ಇದೆಯಾ? ಇದನ್ನು ಕೇಳಿ ತಮ್ಮ.

ಹಳ್ಳದ ದಂಡಿ · ಏಪ್ರಿಲ್ 9

ಸರ್, ಊರ ಕಡೆ ಪಿಲ್ಲರಿಗೆ ಬಂಡೆ ಸಿಕ್ಕಿದೆ, ಬ್ರೇಕರ್ ಹಾಕಿ ಒಡೆದಿದ್ದು ನಾನೇ ನೋಡಿದೆ. ಇನ್ನೊಂದಕ್ಕೆ ಗರಸು. ಅದನ್ನ ಇನ್ನೂ ಮೂರು ಅಡಿ ಇಳಿಸಿದ್ರು. ಕಲ್ಲು ಹಾಸು "ಮುಂದೆ ಮಾಡ್ತೀವಿ" ಅಂತಾರೆ.

ಸೋನಾ ಮಸೂರಿ · ಏಪ್ರಿಲ್ 9

"ಮುಂದೆ ಮಾಡ್ತೀವಿ" ಅಂದ್ರೆ ಎಸ್ಟಿಮೇಟಿನಲ್ಲಿ ಇದೆ, ಹಳ್ಳದಲ್ಲಿ ಇರಲ್ಲ.

ಹಗರಿ ಹರಿವು · ಏಪ್ರಿಲ್ 10

ಎಂಜಿನಿಯರ್ ಸರ್ ಹೇಳಿದ್ದಕ್ಕೆ ನಮ್ಮ ಬಳ್ಳಾರಿ ತಾಲೂಕೇ ಸಾಕ್ಷಿ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ವೇದಾವತಿ, ಅಂದ್ರೆ ನಮ್ಮ ಹಗರಿ, ಉಸುಕಿನ ಹೊಳೆ. ವರ್ಷಗಟ್ಟಲೆ ಒಣಗಿ ಬಿದ್ದಿರುತ್ತೆ. ಆ ವರ್ಷ ದಂಡೆ ತುಂಬಿ ಹರೀತು. ಅದರ ಮೇಲೆ ಹಾದು ಹೋಗೋ ಎಲ್‌ಎಲ್‌ಸಿ (ತುಂಗಭದ್ರಾ ಕೆಳಮಟ್ಟದ) ಕಾಲುವೆಯ ಮೇಲ್ಸೇತುವೆಯ ಪಿಲ್ಲರ್ ಕೈಕೊಟ್ಟಿತು. ಕಾಲುವೆ ನೀರು ಬಂದ್ ಮಾಡಬೇಕಾಯ್ತು. ಭತ್ತ ತೆನೆ ಬಿಚ್ಚಿ ನಿಂತ ಹೊತ್ತು ಅದು. ಆಗಿನ ಸಚಿವ ಶ್ರೀರಾಮುಲು ಅಲ್ಲೇ ಠಿಕಾಣಿ ಹೂಡಿ ರಾತ್ರಿ ಅಲ್ಲೇ ಮಲಗಿದ್ರು. ಹೊಳೆ ನೀರನ್ನ ಪಕ್ಕಕ್ಕೆ ತಿರುಗಿಸಿ, ಮಣ್ಣು ಹಾಕಿ, ಆಮೇಲೆ ಪಿಲ್ಲರ್ ಕೆಲಸ.

ಅಲ್ಲಿ ನಮ್ಮ ಅಣ್ಣನ ಎಂಟು ಎಕರೆ ಇತ್ತು. ನೀರು ಬರೋ ತನಕ ದಿನಾ ಬೆಳಿಗ್ಗೆ ಬೈಕ್ ಹತ್ತಿ ಕಾಲುವೆ ನೋಡೋಕೆ ಹೋಗೋನು. ಪೇಷೆಂಟ್ ನೋಡೋಕೆ ಐಸಿಯುಗೆ ಹೋದ ಹಾಗೆ.

ಗಂಗಾವತಿ ಹುಡುಗ · ಏಪ್ರಿಲ್ 10

ಸಚಿವರು ಮಲಗಿದ್ದು ನೆನಪಿದೆ, ಫೋಟೊ ಎಲ್ಲಾ ಗ್ರೂಪಿನಲ್ಲೂ ಬಂದಿತ್ತು.

ಕಂಪ್ಲಿ ಕಬ್ಬು · ಏಪ್ರಿಲ್ 10

ಮಲಗಿದ್ದಕ್ಕೆ ಕೆಲಸ ಬೇಗ ಆಯ್ತೋ, ಕೆಲಸ ಆಗ್ತಾ ಇತ್ತು ಅಂತ ಮಲಗಿದ್ರೋ?

ಹಗರಿ ಹರಿವು · ಏಪ್ರಿಲ್ 10

ರಾಜಕೀಯ ಬೇಡ ಗುರು. ನೀರು ಬಂತು, ಬೆಳೆ ಉಳೀತು.

ಸಿಂಧನೂರು ಟು ಟೊರೊಂಟೊ · ಏಪ್ರಿಲ್ 12

ಓದ್ತಾ ಓದ್ತಾ ನಗು ಬಂತು. ನಾನಿರೋ ಊರಲ್ಲಿ ಇದೇ ಕೆಲಸ ದೊಡ್ಡದಾಗಿ ನಡೀತು. ಇಲ್ಲಿ ಡಾನ್ ಅಂತ ಒಂದು ನದಿ. ನೂರು ವರ್ಷದ ಹಿಂದೆ ಅದರ ಬಾಯಿಯ ಜೌಗು ಭೂಮಿ ತುಂಬಿಸಿ ಬಂದರು ಮಾಡಿದರು. ನದಿಯನ್ನ ಕೀಟಿಂಗ್ ಅನ್ನೋ ಕಾಂಕ್ರೀಟ್ ಕಾಲುವೆಗೆ ಲಂಬವಾಗಿ ತಿರುಗಿಸಿದರು. ಮಳೆ ಜೋರಾದಾಗೆಲ್ಲ ಪ್ರವಾಹದ ಭಯ. 2017ರಿಂದ ಆ ತಪ್ಪು ಸರಿ ಮಾಡೋಕೆ ಹೊರಟರು. ಸುಮಾರು ಒಂದು ಕಿಲೋಮೀಟರ್ ಹೊಸ ನದಿಯನ್ನ ಒಣ ನೆಲದಲ್ಲೇ ತೋಡಿದರು. ಎರಡೂ ತುದಿಗೆ ಮಣ್ಣಿನ ಬಿರಡೆ. ಒಳಗೆ ಬಾಗು, ಜೌಗು, ಗಿಡ ಎಲ್ಲಾ ಬೇಕಂತಲೇ ಮಾಡಿದರು. ಎಲ್ಲಾ ಮುಗಿದ ಮೇಲೆ ನಿಧಾನ ನೀರು ತುಂಬಿಸಿ, 2024ರಲ್ಲಿ ಬಿರಡೆ ತೆಗೆದರು. ಸೇತುವೆಗಳನ್ನ ನೋವಾ ಸ್ಕೋಷಿಯಾದಲ್ಲಿ ಮಾಡಿ ದೋಣಿ ಮೇಲೆ ತಂದು ಕೂರಿಸಿದರು.

ನೋಡಿ, ಇಲ್ಲಿ ನೇರ ಇದ್ದದ್ದನ್ನ ಬಾಗಿಸೋಕೆ ನೂರು ಕೋಟಿ ಡಾಲರ್ ಮೇಲೆ ಖರ್ಚು. ನೀವು ಬಾಗಿದ್ದನ್ನ ನೇರ ಮಾಡ್ತಾ ಇದ್ದೀರಿ.

ಸೋನಾ ಮಸೂರಿ · ಏಪ್ರಿಲ್ 12

ಅಲ್ಲಿ ಉಸುಕು ಕದಿಯೋರು ಇಲ್ಲ ಬಿಡಿ. ನಮ್ಮಲ್ಲಿ ಹೊಸ ನದಿ ತೋಡಿದ್ರೆ ನೀರಿಗಿಂತ ಮುಂಚೆ ಟಿಪ್ಪರ್ ಬರ್ತವೆ.

ಎರೆಹೊಲ · ಏಪ್ರಿಲ್ 12

ಅಲ್ಲಿ ನೂರು ಕೋಟಿ ಡಾಲರ್. ಇಲ್ಲಿ ಗುತ್ತಿಗೆದಾರನಿಗೆ ಹಿಂದಿನ ಬಿಲ್ಲೇ ಆಗಿಲ್ಲವಂತೆ. ಹೋಲಿಕೆ ಹೇಗೆ ಸ್ವಾಮಿ.

ನಿವೃತ್ತ ಎಂಜಿನಿಯರ್ · ಏಪ್ರಿಲ್ 13

ಖರ್ಚು ಬಿಡಿ, ಕ್ರಮ ನೋಡಿ. ಒಣಗಿದ್ದಾಗಲೇ ಪೂರ್ತಿ ತೋಡೋದು, ಪಿಚಿಂಗ್ (ದಂಡೆಗೆ ಕಲ್ಲು ಹೊದಿಸೋದು) ಮುಗಿಸೋದು, ಕೊನೆಗೆ ಒಡ್ಡು ತೆಗೆಯೋದು. ಅದು ಎಲ್ಲಾ ಕಡೆ ಒಂದೇ. ನಮ್ಮಲ್ಲಿ ಅರ್ಧ ತೋಡಿದಾಗಲೇ ಮಳೆ ಬಂದು ಹಳ್ಳವೇ ಒಡ್ಡು ತೆಗೆಯುತ್ತೆ.

ಇನ್ನೊಂದು. ಹಳ್ಳ ತಿರುಗಿಸೋದು ನಮಗೆ ಹೊಸದೂ ಅಲ್ಲ. ವಿಜಯನಗರದವರು ತುಂಗಭದ್ರೆಗೆ ಅಡ್ಡ ಹಾಕಿದ ಕಲ್ಲಿನ ಅಣೆಕಟ್ಟುಗಳನ್ನು ನೋಡಿ. ನೀರನ್ನು ತಡೆದು ನಿಲ್ಲಿಸೋಕೆ ಹೋಗಲಿಲ್ಲ, ಓರೆಯಾಗಿ ಪಕ್ಕಕ್ಕೆ ಕರೆದರು. ತುರ್ತು ಕಾಲುವೆ ಇವತ್ತಿಗೂ ಹರಿಯುತ್ತಿದೆ.

ಆನೆಗೊಂದಿ ಅಲೆಮಾರಿ · ಏಪ್ರಿಲ್ 13

ಆದ್ರೆ ಅವರ ಸೇತುವೆ ಉಳಿದಿಲ್ಲ 🙂 ಹಂಪಿಯಲ್ಲಿ ಪುರಂದರ ಮಂಟಪದ ಹತ್ತಿರ ಹೊಳೆಯಲ್ಲಿ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ, ನೋಡಿದ್ದೀರಲ್ವಾ? ಹಳೇ ಸೇತುವೆಯ ಕಂಬ. ಮೇಲಿನದೆಲ್ಲ ಹೋಗಿದೆ.

ನಮ್ಮ ಆನೆಗೊಂದಿ ಸೇತುವೆ ಕಥೆ ಅದಕ್ಕಿಂತ ಕಷ್ಟದ್ದು. ತಳವಾರಘಟ್ಟದಲ್ಲಿ 1993ರಲ್ಲಿ ಶುರು. ಹಂಪಿ ಪರಿಸರಕ್ಕೆ ಧಕ್ಕೆ ಅಂತ ಯುನೆಸ್ಕೊ 1999ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿತು. ಕೆಲಸ ನಿಂತಿತು. ಮತ್ತೆ ಶುರು ಮಾಡಿದ್ರು. 2009ರ ಜನವರಿ 22ರಂದು ಕಟ್ಟುತ್ತಿರುವಾಗಲೇ ಕುಸಿದು ಬಿತ್ತು. ಕೂಲಿಯವರು ಸತ್ತರು. ಅದಾದ ಮೇಲೆ ಎಷ್ಟೋ ವರ್ಷ ನಾವು ಹರಿಗೋಲಿನಲ್ಲೇ ದಾಟಿದೆವು, ಬೈಕ್ ಕೂಡ ಹರಿಗೋಲಿನಲ್ಲೇ. ಕೊನೆಗೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಆಯ್ತು. ಅದಕ್ಕೇ ಹೇಳೋದು, ಸೆಂಟ್ರಿಂಗ್ ಕೆಳಗೆ ಮಕ್ಕಳನ್ನ ಕ್ರಿಕೆಟ್ ಆಡೋಕೆ ಬಿಡಬೇಡಿ.

ಹಳ್ಳದ ದಂಡಿ · ಏಪ್ರಿಲ್ 13

ಆ ಮಾತು ಇವತ್ತೇ ಹೇಳ್ತೀನಿ ಅಣ್ಣ.

ಕೃಷ್ಣೆಯ ಕಡೆಯವ · ಏಪ್ರಿಲ್ 14

ರಾಯಚೂರಿನವರು ಸುಮ್ನಿರೋಕಾಗುತ್ತಾ. ದೇವಸೂಗೂರಿನ ಹತ್ತಿರ ಕೃಷ್ಣೆ ಮೇಲೆ ನಿಜಾಮರ ಕಾಲದ ಸೇತುವೆ ಇದೆ. ಸಿರತ್-ಎ-ಜೂಡಿ ಅಂತ ಹೆಸರು, 1943ರಲ್ಲಿ ಮುಗಿದದ್ದು. ಕಮಾನು ಕಮಾನು. ಅದು ಕಟ್ಟಿದಾಗ ಎತ್ತಿನ ಗಾಡಿ ಓಡಾಡ್ತಿದ್ದವು, ಆಮೇಲೆ ಶಕ್ತಿನಗರದ ಲಾರಿಗಳನ್ನೂ ತಡಕೊಂಡಿತು.

ಸೋನಾ ಮಸೂರಿ · ಏಪ್ರಿಲ್ 14

"ಆಗಿನ ಕಾಲದ ಕೆಲಸ" ಭಾಷಣ ಶುರುವಾಯ್ತು.

ಕೃಷ್ಣೆಯ ಕಡೆಯವ · ಏಪ್ರಿಲ್ 14

ಭಾಷಣ ಅಲ್ಲ ಮಾರಾಯ. ಅದು ಬಂಡೆ ಮೇಲೆ ಕೂತಿದೆ, ಅದಕ್ಕೆ ನಿಂತಿದೆ. ಮೇಲೆ ಎಂಜಿನಿಯರ್ ಸರ್ ಹೇಳಿದ್ದೂ ಅದೇ ಅಲ್ವಾ.

ಅಂಗನವಾಡಿ ಅಕ್ಕ · ಏಪ್ರಿಲ್ 15

ನೀವೆಲ್ಲ ಪಿಲ್ಲರ್, ಕ್ಯೂಬ್ ಅಂತೀರಿ. ನನ್ನ ಕೆಲಸ ಅಂಥದ್ದೇ ಒಂದು ತಗ್ಗು ಸೇತುವೆಯ ಆಚೆ. ಎರಡು ವರ್ಷದ ಹಿಂದೆ ಮೊಟ್ಟೆಯ ಟ್ರೇ ತಲೆ ಮೇಲೆ ಇಟ್ಟುಕೊಂಡು ದಾಟಿದೆ. ನೀರು ಮೊಣಕಾಲಿಗಿಂತ ಕೆಳಗೇ ಇತ್ತು. ಕಾಲ ಕೆಳಗೆ ಕಾಂಕ್ರೀಟ್ ಕಾಣಲ್ಲ, ಅಂದಾಜಿನ ಮೇಲೆ ಹೆಜ್ಜೆ. ಮಧ್ಯಕ್ಕೆ ಹೋದಾಗ ಸೆಳೆತ ಗೊತ್ತಾಯ್ತು. ಸೀರೆ ಕಾಲಿಗೆ ಸುತ್ತಿಕೊಂಡು ಎಳೀತು. ಟ್ರೇ ಬಿಟ್ಟು ಕಲ್ಲುಕಂಬ ಹಿಡಕೊಂಡೆ. ಮೂವತ್ತು ಮೊಟ್ಟೆ ಹೋಯ್ತು. ಅದಕ್ಕೆ ವರದಿ ಬರೀಬೇಕಾಯ್ತು, ನಾನು ಉಳಿದದ್ದಕ್ಕೆ ಯಾರೂ ವರದಿ ಕೇಳಲಿಲ್ಲ.

ಮೊಣಕಾಲುದ್ದ ನೀರು ಅಂತ ಯಾರೂ ಇಳೀಬೇಡಿ. ಅಷ್ಟೇ ಹೇಳೋಕೆ ಬಂದೆ.

ಎರೆಹೊಲ · ಏಪ್ರಿಲ್ 15

🙏 ಅಕ್ಕ

ನಿವೃತ್ತ ಎಂಜಿನಿಯರ್ · ಏಪ್ರಿಲ್ 16

ದಂಡಿ ತಮ್ಮ, ಒಂದು ಕೆಲಸ ಮಾಡು. 2009ರ ಅಕ್ಟೋಬರ್ ಪ್ರವಾಹದ ಗುರುತು ನಿಮ್ಮೂರಲ್ಲಿ ಎಲ್ಲಾದರೂ ಇದೆಯಾ? ಇದ್ದರೆ ಹೊಸ ಸ್ಲ್ಯಾಬಿನ ತಳ ಅದಕ್ಕಿಂತ ಎಷ್ಟು ಮೇಲಿದೆ ಅಳೆದು ಹೇಳು. ಕಾಗದದ ಮೇಲಿನ ಲೆಕ್ಕಕ್ಕಿಂತ ಗೋಡೆಯ ಗುರುತು ಒಳ್ಳೇದು.

ಹಳ್ಳದ ದಂಡಿ · ಏಪ್ರಿಲ್ 19

ಅಳೆದೆವು ಸರ್. ಇಡೀ ಭಾನುವಾರ ಹೋಯ್ತು, ಆದ್ರೆ ಮಜಾ ಬಂತು.

ಹಣಮಪ್ಪನ ಗುಡಿ ಹಳ್ಳದ ದಂಡೆಯಲ್ಲೇ ಇದೆ. ಹಿಂಗೋಡೆಯ ಮೇಲೆ ಎಷ್ಟು ಸಲ ಸುಣ್ಣ ಬಳಿದ್ರೂ ಒಂದು ಕಂದು ಗೆರೆ ಮತ್ತೆ ಮತ್ತೆ ಎದ್ದು ಬರುತ್ತೆ. ಅದೇ 2009ರದ್ದು, ಪೂಜಾರಿ ಕಾಕಾ ಆ ರಾತ್ರಿ ಗುಡಿ ಮಾಳಿಗೆ ಮೇಲೆ ಕೂತಿದ್ದರು. ಗುಡಿಯಿಂದ ಹೊಸ ಸೇತುವೆಗೆ ಸುಮಾರು 70 ಮೀಟರ್. ಗೌಂಡಿಯ ಹತ್ತಿರ ಲೆವೆಲ್ ಪೈಪ್ (ನೀರು ತುಂಬಿ ಮಟ್ಟ ನೋಡೋ ಪೈಪು) ಇಸಕೊಂಡೆ. ನಡುವೆ ನಾಲ್ಕು ಗೂಟ ಹೊಡೆದು, ಒಂದರಿಂದ ಒಂದಕ್ಕೆ ಮಟ್ಟ ಸಾಗಿಸಿದೆವು. ಬಿಸಿಲಿಗೆ ಪೈಪಿನ ನೀರು ಕಾಣಲಿಲ್ಲ ಅಂತ ಅಕ್ಕನ ಮಗ ಗುಡಿಯಿಂದ ಕುಂಕುಮ ತಂದು ಕಲಸಿದ. ಕೆಂಪು ನೀರು ಚೆನ್ನಾಗಿ ಕಂಡಿತು.

ಮೊದಲ ಸಲ ಲೆಕ್ಕ ಹಾಕಿದ್ರೆ ಸ್ಲ್ಯಾಬು ಗೆರೆಗಿಂತ ಕೆಳಗೆ ಬಂತು! ಎಲ್ಲರಿಗೂ ಎದೆ ಧಸಕ್ ಅಂತು. ಗೌಂಡಿ ಬಂದು ನೋಡಿ ನಕ್ಕ. ಪೈಪಿನಲ್ಲಿ ಗಾಳಿ ಗುಳ್ಳೆ ಕೂತಿತ್ತು. ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆ ಓಡಿಸಿ ಮತ್ತೆ ಮೊದಲಿಂದ. ಎರಡನೇ ಸಲ, ಮೂರನೇ ಸಲ ಒಂದೇ ಉತ್ತರ. ಸೆಂಟ್ರಿಂಗ್ ಶೀಟಿನ ಮೇಲ್ಮೈ, ಅಂದ್ರೆ ಸ್ಲ್ಯಾಬಿನ ತಳ, ಗೆರೆಗಿಂತ 2 ಅಡಿ 2 ಇಂಚು ಮೇಲೆ.

ಸೆಂಟ್ರಿಂಗ್ ಮೇಸ್ತ್ರಿ · ಏಪ್ರಿಲ್ 19

ಕುಂಕುಮ ಹಾಕಿದ್ದು ಒಳ್ಳೆ ಐಡಿಯಾ. ನಾವು ಚಹಾ ಹಾಕ್ತೀವಿ.

ನಿವೃತ್ತ ಎಂಜಿನಿಯರ್ · ಏಪ್ರಿಲ್ 20

ಶಭಾಷ್. 2 ಅಡಿ 2 ಇಂಚು ಅಂದರೆ ಸುಮಾರು 66 ಸೆಂಟಿಮೀಟರ್. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ನಿಯಮದಲ್ಲಿ ಹರಿವು ಸೆಕೆಂಡಿಗೆ 30ರಿಂದ 300 ಘನ ಮೀಟರ್ ಇದ್ದರೆ ನೀರಿನ ಮಟ್ಟದಿಂದ 90 ಸೆಂಟಿಮೀಟರ್ ಖಾಲಿ ಬಿಡಬೇಕು. 30ಕ್ಕಿಂತ ಕಡಿಮೆ ಹರಿವಿಗೆ 60 ಸಾಕು. ನಿಮ್ಮ ಹಳ್ಳ ಮೊದಲನೇ ಗುಂಪಿಗೆ ಬರುತ್ತೆ ಅನ್ನಿಸುತ್ತೆ.

ಆದರೆ ಈಗಲೇ ಅರ್ಜಿ ಹಿಡಕೊಂಡು ಓಡಬೇಡ. ಗುಡಿ ಹಳೇ ಸೇತುವೆಗೆ ಮೇಲ್ಗಡೆ ಇದೆಯಾ, ಕೆಳಗಡೆಯಾ?

ಹಳ್ಳದ ದಂಡಿ · ಏಪ್ರಿಲ್ 20

ಮೇಲ್ಗಡೆ ಸರ್. 2009ರಲ್ಲಿ ಆರು ಪೈಪಿಗೂ ಬಳ್ಳಾರಿ ಜಾಲಿ, ಜೋಳದ ಸೊಪ್ಪೆ ತುಂಬಿ ಬಾಯಿ ಕಟ್ಟಿತ್ತಂತೆ.

ನಿವೃತ್ತ ಎಂಜಿನಿಯರ್ · ಏಪ್ರಿಲ್ 20

ಅಲ್ಲಿಗೆ ಬಂತು. ಹಾಗಾದರೆ ಆ ಗೆರೆ ಹಳ್ಳದ್ದು ಮಾತ್ರ ಅಲ್ಲ, ಅರ್ಧ ಹಳೇ ಸೇತುವೆಯದ್ದು. ಪೈಪ್ ಕಟ್ಟಿಕೊಂಡು ನೀರು ಹಿಂದಕ್ಕೆ ಏರಿದೆ. ಹೊಸದರಲ್ಲಿ ಅಷ್ಟು ಏರಲ್ಲ. ಹಾಗಾಗಿ ಎತ್ತರ ಸಾಲಬಹುದು. ಎತ್ತರಕ್ಕಿಂತ ಕಲ್ಲು ಹಾಸಿಗೆ ಹಟ ಹಿಡಿ. ಹಳೇ ಸೇತುವೆಯನ್ನು ಪೂರ್ತಿ ಕಿತ್ತು ತೆಗೆಯೋ ತನಕ ಬಿಡಬೇಡ. ಎಷ್ಟೋ ಕಡೆ ಹೊಸದು ಕಟ್ಟಿ ಹಳೇದನ್ನು ಹಾಗೇ ಬಿಟ್ಟಿರುತ್ತಾರೆ.

ಹಗರಿ ಹರಿವು · ಏಪ್ರಿಲ್ 20

ಜಾಲಿಗೆ ನಮ್ಮ ಬಳ್ಳಾರಿ ಹೆಸರು ಯಾರು ಇಟ್ರೋ. ಊರು ತುಂಬಾ ಪೈಪ್ ಕಟ್ಟಿದ್ರೂ ಅಪವಾದ ನಮಗೇ.

ಕೊಪ್ಪಳ ಕೋಟೆ · ಏಪ್ರಿಲ್ 21

ಇಲ್ಲಿ ಯಾರೂ ಹಿರೇಹಳ್ಳದ ಮಾತೇ ಎತ್ತಲಿಲ್ಲ. 2019ರಲ್ಲಿ ಗವಿಮಠದ ಅಜ್ಜಾರು ಮುಂದೆ ನಿಂತು ಸ್ವಚ್ಛ ಮಾಡಿಸಿದ್ರು. ಇಪ್ಪತ್ತು ಕಿಲೋಮೀಟರ್ ಮೇಲೆ. ಜಾಲಿ, ಹೂಳು, ಒತ್ತುವರಿ ಎಲ್ಲಾ ತೆಗೆದರು. ಅವರು ಹಳ್ಳವನ್ನ ಎಲ್ಲಿಗೂ ತಿರುಗಿಸಲಿಲ್ಲ. ಅದರ ಜಾಗ ಅದಕ್ಕೆ ಬಿಡಿಸಿಕೊಟ್ಟರು. ನಿಮ್ಮೂರಲ್ಲೂ ಬಾಗು ಇದ್ದ ಹಾಗೇ ಅಗಲ ಮಾಡಿ, ಸೇತುವೆಯನ್ನೇ ಸ್ವಲ್ಪ ಓರೆಯಾಗಿ ಕಟ್ಟಬಹುದಿತ್ತಲ್ವಾ?

ನಿವೃತ್ತ ಎಂಜಿನಿಯರ್ · ಏಪ್ರಿಲ್ 21

ಕಟ್ಟಬಹುದಿತ್ತು. ಉದ್ದ ಜಾಸ್ತಿ, ಕಂಬಿ ಜಾಸ್ತಿ, ಖರ್ಚು ಜಾಸ್ತಿ. ಮಣ್ಣು ತೋಡೋದು ಅಗ್ಗ.

ಸೋನಾ ಮಸೂರಿ · ಏಪ್ರಿಲ್ 21

ಮತ್ತೆ ಮುಚ್ಚಿದ ಬಾಗಿನ ಜಾಗ ಯಾರದ್ದಾಗುತ್ತೆ? ನನಗೆ ಅದೊಂದೇ ಕುತೂಹಲ. 480 ಮೀಟರ್ ಉದ್ದ, ಮೂವತ್ತು ಮೀಟರ್ ಅಗಲ ಅಂದ್ರೂ ಮೂರೂವರೆ ಎಕರೆ.

ಎರೆಹೊಲ · ಏಪ್ರಿಲ್ 21

ಹಳ್ಳ ಅಂದ್ರೆ ಬಿ ಖರಾಬು. ಸರ್ಕಾರದ್ದು. ಯಾರ ಪಹಣಿಗೂ ಬರಲ್ಲ.

ಸೋನಾ ಮಸೂರಿ · ಏಪ್ರಿಲ್ 21

ಪಹಣಿಗೆ ಬರಲ್ಲ. ಟ್ರ್ಯಾಕ್ಟರ್ ಬರುತ್ತೆ.

ಹಳ್ಳದ ದಂಡಿ · ಮೇ 12

ತಡ ಆಯ್ತು, ಮದುವೆ ಸೀಸನ್. ಮೊದಲ ಸ್ಲ್ಯಾಬ್ ಏಪ್ರಿಲ್ 20ಕ್ಕೆ, ಎರಡನೇದು ಮೇ 2ಕ್ಕೆ ಆಯ್ತು. ಮೊದಲನೇದರ ಜಾಕ್ ನಿನ್ನೆ ಬಿಚ್ಚಿದ್ರು. ಕ್ಯೂರಿಂಗಿಗೆ ಹಳ್ಳದಲ್ಲಿ ನೀರಿಲ್ಲ, ಟ್ಯಾಂಕರ್ ಬರೋದು ದಿನ ಬಿಟ್ಟು ದಿನ. ಗೋಣಿಚೀಲ ಮಧ್ಯಾಹ್ನಕ್ಕೇ ಹಪ್ಪಳ. ಊರಿನ ಹುಡುಗರು ಸೇರಿ ಬೋರ್‌ವೆಲ್ ಪೈಪ್ ಎಳೆದು ನಾವೇ ನೆನೆಸ್ತಾ ಇದ್ದೀವಿ. ಮೂರನೇ ಕಣ್ಣಿಗೆ ಈಗ ಸೆಂಟ್ರಿಂಗ್.

ಸೆಂಟ್ರಿಂಗ್ ಮೇಸ್ತ್ರಿ · ಮೇ 12

21 ದಿನ ನಿಲ್ಲಿಸಿದ್ದಾರೆ, ಒಳ್ಳೇದು. ಜಾಕಿನ ಬುಡಕ್ಕೆ ಏನು ಹಾಕಿದ್ದಾರೆ? ಹಲಗೆನಾ, ಬರೀ ಮಣ್ಣಾ?

ಹಳ್ಳದ ದಂಡಿ · ಮೇ 12

ಹಲಗೆ, ಅದರ ಕೆಳಗೆ ಉಸುಕಿನ ಚೀಲ.

ಸೆಂಟ್ರಿಂಗ್ ಮೇಸ್ತ್ರಿ · ಮೇ 12

ಉಸುಕಿನ ಚೀಲ ನೀರು ಬರೋ ತನಕ ಗಟ್ಟಿ.

ಹಳ್ಳದ ದಂಡಿ · ಮೇ 18

ಮೇಸ್ತ್ರಿ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕೋ ಏನು ಮಾಡಬೇಕೋ.

ನಿನ್ನೆ ರಾತ್ರಿ ಹತ್ತಕ್ಕೆ ಗಾಳಿ, ಗುಡುಗು, ಆಮೇಲೆ ಒಂದೂವರೆ ಗಂಟೆ ಮಳೆ. ಮೇಲ್ಗಡೆ ಹಳ್ಳಿಗಳಲ್ಲಿ ಇನ್ನೂ ಜಾಸ್ತಿ. ಎರಡು ಗಂಟೆಗೆ ಹಳ್ಳ ಬಂತು. ಹೊಸ ಹಾದಿ ಬಾಯಿಯ ಒಡ್ಡಿನ ಮೇಲೆ ಹತ್ತಿತು. ಮೊದಲು ಒಂದು ಗೇಣು ಅಗಲ ಹರೀತಿತ್ತು, ಟಾರ್ಚ್ ಹಾಕಿ ನೋಡ್ತಾ ಇದ್ದ ಹಾಗೇ ಎತ್ತಿನ ಗಾಡಿ ಹೋಗೋಷ್ಟು ಆಯ್ತು. ಎರೆ ಮಣ್ಣು ಬೆಲ್ಲದ ಹಾಗೆ ಕರಗಿತು. ಮೂರನೇ ಕಣ್ಣಿನ ಜಾಕುಗಳು ಎರಡು ಸಾಲು ಹೋದವು, ಕಟ್ಟಿದ ಕಂಬಿ ಸಮೇತ ಶೀಟು ಕೆಳಗೆ ಬಂತು. ಕಾಂಕ್ರೀಟ್ ಹಾಕಿರಲಿಲ್ಲ. ಕೆಲಸದವರ ಶೆಡ್ ಎತ್ತರದಲ್ಲಿ ಇತ್ತು, ಯಾರಿಗೂ ಏನೂ ಆಗಿಲ್ಲ.

ಆನೆಗೊಂದಿ ಅಲೆಮಾರಿ · ಮೇ 18

ಯಾರಿಗೂ ಆಗಿಲ್ಲ ಅಂದ್ರಲ್ಲ, ಅಷ್ಟು ಸಾಕು.

ಅಂಗನವಾಡಿ ಅಕ್ಕ · ಮೇ 18

ದೇವರು ದೊಡ್ಡವನು. ಹಗಲು ಬಂದಿದ್ರೆ?

ಸೋನಾ ಮಸೂರಿ · ಮೇ 18

ಎರಡನೇ ಸ್ಲ್ಯಾಬ್ ಕೆಳಗಿನ ಜಾಕ್ ಏನಾಯ್ತು? ಅದಕ್ಕೆ 16 ದಿನ ಅಷ್ಟೇ ಆಗಿದೆ.

ಹಳ್ಳದ ದಂಡಿ · ಮೇ 18

ಅದು ಊರ ಕಡೆ, ಬಂಡೆ ಮೇಲೆ ನಿಂತಿತ್ತು. ಅಲ್ಲಾಡಿಲ್ಲ. ಬೆಳಿಗ್ಗೆ ನಾನೇ ಸ್ಲ್ಯಾಬಿನ ತಳ ಪೂರ್ತಿ ನೋಡಿದೆ, ಬಿರುಕು ಕಾಣಲಿಲ್ಲ.

ನಿವೃತ್ತ ಎಂಜಿನಿಯರ್ · ಮೇ 19

ನೀರು ಇಳಿದ ಮೇಲೆ ಗರಸಿನ ಮೇಲಿರೋ ಪಿಲ್ಲರಿನ ಮೂತಿ ಹತ್ತಿರ ಎಷ್ಟು ಕೊರೆದಿದೆ ಅಳೆ. ಗುಂಡಿಯಲ್ಲಿ ಮೆತ್ತನೆ ಕೆಸರು ತುಂಬಿಕೊಂಡಿರುತ್ತೆ, ಕಣ್ಣಿಗೆ ಮೋಸ ಆಗುತ್ತೆ. ಕಂಬಿ ಚುಚ್ಚಿ ನೋಡು.

ಹಳ್ಳದ ದಂಡಿ · ಮೇ 21

ಚುಚ್ಚಿದೆ ಸರ್. ಮೇಲೆ ಸಮ ಕಾಣುತ್ತೆ, ಕಂಬಿ 2 ಅಡಿ 8 ಇಂಚು ಸಲೀಸಾಗಿ ಇಳೀತು. ಆಮೇಲೆ ಟಣ್ ಅಂತು. ಒಂದೇ ರಾತ್ರಿಗೆ ಇಷ್ಟು. ಅದರ ಫೋಟೊ, ವಿಡಿಯೊ ತೆಗೆದು ಪಂಚಾಯಿತಿ ಸದಸ್ಯರ ಜೊತೆ ಹೋಗಿ ಸೈಟ್ ಎಂಜಿನಿಯರಿಗೆ ತೋರಿಸಿದೆವು. ಈ ಸಲ "ಮುಂದೆ ಮಾಡ್ತೀವಿ" ಅನ್ನಲಿಲ್ಲ. ಮೂರನೇ ದಿನಕ್ಕೆ ಬಂಡೆಕಲ್ಲಿನ ಟಿಪ್ಪರ್ ಬಂದವು.

ಗಂಗಾವತಿ ಹುಡುಗ · ಮೇ 21

ಹಳ್ಳವೇ ಅರ್ಜಿ ಕೊಡ್ತು ಅನ್ನಿ.

ಹಳ್ಳದ ದಂಡಿ · ಜೂನ್ 5

ಮೂರನೇ ಸ್ಲ್ಯಾಬ್ ನಿನ್ನೆ ಆಯ್ತು. ಬೆಳಿಗ್ಗೆ ಏಳಕ್ಕೆ ಶುರು, ರಾತ್ರಿ ಒಂಬತ್ತು. ಊರವರೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿ ಕೊಟ್ಟರು. ಕ್ಯೂಬ್ ತುಂಬಿದ್ದು ಅದೇ ಮಿಕ್ಸರಿನಿಂದಲೇ, ಮೇಸ್ತ್ರಿ, ನಾನು ಪಕ್ಕದಲ್ಲೇ ನಿಂತಿದ್ದೆ. ಪಿಲ್ಲರ್ ಸುತ್ತ ಕಲ್ಲು ಹಾಸು ಮುಗಿದಿದೆ. ಹೊಸ ಹಾದಿಯ ಎರಡೂ ದಂಡೆಗೆ ಪಿಚಿಂಗ್ ಅರ್ಧ ಆಗಿದೆ.

ಸೆಂಟ್ರಿಂಗ್ ಮೇಸ್ತ್ರಿ · ಜೂನ್ 5

25ರ ತನಕ ಜಾಕ್ ಮುಟ್ಟೋಕೆ ಬಿಡಬೇಡಿ. ಹಬ್ಬ, ಮದುವೆ, ಬೇರೆ ಸೈಟಿಗೆ ಸಾಮಾನು ಬೇಕು ಅಂತ ಏನೇ ಹೇಳ್ಲಿ.

ಹಳ್ಳದ ದಂಡಿ · ಜೂನ್ 28

26ಕ್ಕೆ ಬಿಚ್ಚಿದ್ರು. ಎರಡು ಮಳೆ ಆಯ್ತು, ನೀರು ಹೊಸ ಹಾದಿಯಲ್ಲೇ ಹೋಯ್ತು. ಬೈಕ್, ಟ್ರ್ಯಾಕ್ಟರ್ ಬಿಡ್ತಾ ಇದ್ದಾರೆ, ಸೇತುವೆಗೆ ಹತ್ತೋ ಅಪ್ರೋಚ್ ರಸ್ತೆ ಇನ್ನೂ ಬರೀ ಗರಸು. ಕಟಕಟೆ ಆಗಬೇಕು. ಹಳೇ ಸೇತುವೆಯ ನಾಲ್ಕು ಪೈಪ್ ಕಿತ್ತಿದ್ದಾರೆ, ಎರಡು ಉಳಿದಿವೆ, ಇಟಾಚಿ (ಮಣ್ಣು ತೋಡೋ ಯಂತ್ರ) ಎಲ್ಲೋ ಹೋಗಿದೆ. ಹಳೇ ಬಾಗಿಗೆ ಮಣ್ಣು ತುಂಬೋದು ಮುಗೀತು.

ಎರೆಹೊಲ · ಜೂನ್ 28

ಅಭಿನಂದನೆ! ಎರಡು ಪೈಪಿಗೆ ಬೆನ್ನು ಹತ್ತಿ, ಬಿಡಬೇಡಿ.

ಸೋನಾ ಮಸೂರಿ · ಜೂನ್ 28

ತಪ್ಪಾಯ್ತು, ನಾನು ಮೊದಲ ದಿನ ಹೇಳಿದ್ದು ವಾಪಸ್. ಅರ್ಧ ವಾಪಸ್. ತುಂಬಿಸಿದ ಬಾಗು ಹೇಗಿದೆ?

ಹಳ್ಳದ ದಂಡಿ · ಜೂನ್ 29

ಇವತ್ತು ಬೆಳಿಗ್ಗೆ ನೋಡಿ ಬಂದೆ. ಯಾರೋ ರಾತ್ರೋರಾತ್ರಿ ಸುತ್ತ ಕಲ್ಲು ನೆಟ್ಟಿದ್ದಾರೆ. ಒಂದು ಮೂಲೆಯಲ್ಲಿ ಸಜ್ಜೆನೂ ಬಿತ್ತಿದ್ದಾರೆ.

ಸೋನಾ ಮಸೂರಿ · ಜೂನ್ 29

ಹೇಳಿರಲಿಲ್ವಾ! ಯಾರಂತೆ?

ಹಳ್ಳದ ದಂಡಿ · ಜೂನ್ 29

ನಮ್ಮ ಮಾವ.